ತುಟಿಗಿಂತ ಮೊದಲು

ದನಿ ಕಳೆದುಕೊಂಡವರಿಗೆ ಮಾತು ಕೊಡುವ ಕೊರಳಪಟ್ಟಿ ಬಂದ ಮೇಲೂ ವಿರೂಪಾಕ್ಷಪ್ಪ ಹೊಂಬಳರ ತಮಾಷೆಗೆ ಯಾರೂ ನಗುತ್ತಿರಲಿಲ್ಲ. ತಮಾಷೆ ಸಪ್ಪಗಿರುತ್ತಿತ್ತು ಎಂದಲ್ಲ, ತಡವಾಗಿ ಬರುತ್ತಿತ್ತು.

ನೌಕರಿಯುದ್ದಕ್ಕೂ ಅವರು ಗದಗದ ಬಸ್ ನಿಲ್ದಾಣದಲ್ಲಿ ಮೈಕಿನ ಹಿಂದೆ ಕೂತವರು. ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಅವರು ಹೇಳುವ ಧಾಟಿಯನ್ನು ಓಣಿಯ ಮಕ್ಕಳು ಅಣಕಿಸಿ ಆಡುತ್ತಿದ್ದರು. ಗಂಟಲಲ್ಲಿ ಗಡ್ಡೆಯಾಗಿ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ಉಸಿರಾಡಲು ಕೊರಳಲ್ಲೊಂದು ತೂತು ಉಳಿಯಿತು. ತುಟಿ, ನಾಲಿಗೆ, ದವಡೆ ಮೊದಲಿನಂತೆಯೇ ಆಡುತ್ತಿದ್ದವು. ಸದ್ದು ಮಾತ್ರ ಇರಲಿಲ್ಲ. "ಮರುದನಿ" ಎಂಬ ಪಟ್ಟಿ ಇಂಥವರಿಗೆಂದೇ ಹುಟ್ಟಿದ್ದು. ಗದ್ದದ ಕೆಳಗೆ ಕಟ್ಟಿಕೊಂಡರೆ ಅದು ಸ್ನಾಯುಗಳಲ್ಲಿ ಹರಿಯುವ ಸಣ್ಣ ವಿದ್ಯುತ್ತನ್ನು ಓದಿ, ಬಾಯಿ ಯಾವ ಮಾತಿನ ಆಕಾರ ಮಾಡುತ್ತಿದೆ ಎಂದು ಊಹಿಸಿ, ಅಂಗಿಯ ಜೇಬಿನಲ್ಲಿಟ್ಟ ಪುಟ್ಟ ಸ್ಪೀಕರಿನಿಂದ ಆಡಿಬಿಡುತ್ತಿತ್ತು. ನಿಲ್ದಾಣದ ಹಳೆಯ ರೆಕಾರ್ಡಿಂಗುಗಳನ್ನು ಹುಡುಕಿ ತಂದು, ಅಪ್ಪನ ದನಿಯನ್ನೇ ಅದರಲ್ಲಿ ಮರಳಿ ಕಟ್ಟಿಕೊಟ್ಟವಳು ಮಗಳು ಶಾಲ್ಮಲಾ.

ಪಟ್ಟಿಯನ್ನು ಯಾವ ಕಂಪನಿಯೂ ಮಾಡಿದ್ದಲ್ಲ. ಅದರ ಕೋಡ್ ಓಪನ್ ಸೋರ್ಸ್. ಜಗತ್ತಿನ ಯಾವ ಮೂಲೆಯವರಾದರೂ ನೋಡಬಹುದು, ತಿದ್ದಿ ಕಳಿಸಬಹುದು. ತಿದ್ದಿದ್ದನ್ನು ಜವಾಬ್ದಾರಿ ಹೊತ್ತ ಇನ್ನೊಬ್ಬರು ಓದಿ, ಸರಿ ಎಂದು ಸೇರಿಸಿದರೆ ಅದು ಎಲ್ಲರ ಕೊರಳಿಗೂ ತಲುಪುತ್ತದೆ. ಕನ್ನಡದ ಭಾಗವನ್ನು ನೋಡಿಕೊಳ್ಳುತ್ತಿದ್ದದ್ದು ಗದಗದ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬು. ಅಲ್ಲಿಯ ಮೇಷ್ಟ್ರು ಬಸಲಿಂಗಪ್ಪ ಇಟಗಿ. "ಪರೀಕ್ಷಾಕ್ಕ ಬರದ ಕೋಡ್ ಪರೀಕ್ಷಾ ಮುಗದ ದಿನ ಸಾಯ್ತೈತಿ. ಮಂದಿ ಕೊಳ್ಳಾಗ ಕಟ್ಟಿಕೊಂಡು ತಿರಗ್ಯಾಡೂ ಅಂಥಾ ಕೋಡ್ ಬರೀರಿ" ಎಂದು ವಿದ್ಯಾರ್ಥಿಗಳನ್ನು ಈ ಕೆಲಸಕ್ಕೆ ಹಚ್ಚಿದವರು ಅವರೇ. ಹಾಗೆ ಮೊದಲು ಬಂದವಳು ಶಾಲ್ಮಲಾ. ಈಗ ಕೊನೆಯ ವರ್ಷದಲ್ಲಿದ್ದಳು. ಕನ್ನಡದ ಕೋಡನ್ನು ಓದಿ ಸೇರಿಸುವ ಅಧಿಕಾರ ಇಟಗಿ ಸರ್ ಬಿಟ್ಟರೆ ಅವಳೊಬ್ಬಳಿಗೇ ಇತ್ತು.

ಇಂಗ್ಲಿಷಿನ ಪಟ್ಟಿ ಚುರುಕಾಗಿತ್ತು. ಕನ್ನಡದ್ದು ತಡ. ಕನ್ನಡದಲ್ಲಿ ಮನುಷ್ಯ ಬರುತ್ತಾನೋ ಬರುವುದಿಲ್ಲವೋ ಎನ್ನುವುದು ವಾಕ್ಯದ ತುದಿಗೆ ಹೋಗುವ ತನಕ ಗೊತ್ತಾಗುವುದಿಲ್ಲ. ಪಟ್ಟಿ ಅಲ್ಲಿಯವರೆಗೂ ಕಾಯಬೇಕು. ಶಾಲ್ಮಲಾ ಎರಡು ವರ್ಷ ತಿಣುಕಿ ಆ ಕಾಯುವಿಕೆಯನ್ನು ಅರ್ಧಕ್ಕೆ ಇಳಿಸಿದ್ದಳು. ಉಳಿದರ್ಧ ಅಲ್ಲಾಡಲಿಲ್ಲ.

ಆ ಅರ್ಧದಲ್ಲೇ ಅವಳ ಅಪ್ಪನ ತಮಾಷೆ ಸತ್ತುಹೋಗುತ್ತಿತ್ತು. ಪಕ್ಕದ ಮನೆಯ ನಿವೃತ್ತ ಡ್ರೈವರ್ ಕಳಕಪ್ಪ ದಿನಾ ಸಂಜೆ ಚಹಾಕ್ಕೆ ಬರುತ್ತಿದ್ದ. "ಚಾ ಯಾಕೋ ಸಪ್ಪಗೈತೆಲ್ಲ ಗಿರಿಜಕ್ಕಾ" ಎಂದು ಅವನು ಅಂದರೆ, ಶಾಲ್ಮಲಾಳ ಅವ್ವ ಗಿರಿಜವ್ವ "ನಿಮಗ ಶುಗರ್ ಐತೆಲ್ಲ, ಅದಕ್ಕ" ಅನ್ನುತ್ತಿದ್ದಳು, ಅವನು ಬೇರೆ ಸುದ್ದಿ ತೆಗೆಯುತ್ತಿದ್ದ. ಆಗ ಜೇಬಿನ ಸ್ಪೀಕರು ಮಾತಾಡುತ್ತಿತ್ತು: "ಸಕ್ಕರೆ ಬರುವ ಬಸ್ಸು ಅರ್ಧ ತಾಸು ತಡವಾಗಿ ಬರಲಿದೆ. ಪ್ರಯಾಣಿಕರು ದಯವಿಟ್ಟು ಸಹಕರಿಸಬೇಕು." ಕಳಕಪ್ಪ ಯಾವುದಕ್ಕೆ ಈ ಮಾತು ಎಂದು ತಿಳಿಯದೆ "ಆಂ?" ಎನ್ನುತ್ತಿದ್ದ. ವಿರೂಪಾಕ್ಷಪ್ಪ ಏನಿಲ್ಲ ಎಂದು ಕೈ ಆಡಿಸುತ್ತಿದ್ದರು. ಬರಬರುತ್ತ ಅವರು ಪಟ್ಟಿ ಕಟ್ಟಿಕೊಂಡೂ ಸುಮ್ಮನಿರಲು ಕಲಿತರು.

ತಬಸ್ಸುಮ್ ನದಾಫ್ ಲ್ಯಾಬಿಗೆ ಬಂದದ್ದು ಆ ಹೊತ್ತಿನಲ್ಲಿ. ಎರಡನೇ ವರ್ಷದವಳು, ಕಾಲೇಜಿನ ಖೋ-ಖೋ ತಂಡದ ಆಟಗಾರ್ತಿ, ಮೊಣಕಾಲ ಮೇಲೆ ಸದಾ ಒಂದು ಗಾಯದ ಪಟ್ಟಿ. ಮೊದಲ ತಿಂಗಳು ಶಾಲ್ಮಲಾಳೇ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕೋಡ್ ತೋರಿಸಿದ್ದಳು, ಅವಳ ಕಾಗುಣಿತ ತಿದ್ದಿದ್ದಳು. "ಅಕ್ಕಾರ, ಅಕ್ಕಾರ" ಎಂದು ಅವಳು ಹಿಂದೆ ಸುತ್ತುವುದು ಶಾಲ್ಮಲಾಳಿಗೆ ಹಿತವಾಗಿಯೂ ಇತ್ತು.

ಒಂದು ಬುಧವಾರ ತಬಸ್ಸುಮ್ ಎದ್ದು ನಿಂತು, "ಸರ, ಒಂದ್ ಸಣ್ಣದು ಮಾಡೇನಿ, ನೋಡ್ತೀರೇನು?" ಎಂದಳು.

ಪರೀಕ್ಷೆಗೆಂದು ಕೂಡಿಟ್ಟ ವಿರೂಪಾಕ್ಷಪ್ಪನವರ ಸ್ನಾಯುಗಳ ದಾಖಲೆಯನ್ನು ಅವಳು ಓಡಿಸಿದಳು. ಪರದೆಯ ಮೇಲೆ ಅವರ ತುಟಿ ಅಲುಗುವ ವಿಡಿಯೊ. ತುಟಿ ತೆರೆಯಿತು, ಸ್ಪೀಕರು ಮಾತಾಡಿತು. ಎರಡೂ ಒಟ್ಟಿಗೆ. ನಡುವೆ ಒಂದು ಕೂದಲು ತೂರಿಸಲೂ ಜಾಗವಿರಲಿಲ್ಲ.

ಇಟಗಿ ಸರ್ ಮೇಜಿನ ಮೇಲೆ ಕೈ ಬಡಿದರು. "ಏ! ಇದು ಹೆಂಗ ಮಾಡಿದಿವಾ ನೀ?"

"ಬಾಯಿಗೆ ಕಾಯೂದ ಬಿಟ್ಟೇನ್ರಿ ಸರ. ಖೋ-ಖೋದಾಗ ಎದುರಿನಾಕಿ ಓಡೂಕಿಂತ ಮೊದಲ ಆಕಿ ಹಿಮ್ಮಡ ಹೇಳಿಬಿಡ್ತೈತ್ರಿ, ಯಾ ಕಡೆ ಓಡ್ತಾಳಂತ. ಮಾತೂ ಹಂಗ ಐತಿ. ತುಟಿ ಬಿಚ್ಚೂ ಮೊದಲ ಇಡೀ ವಾಕ್ಯದ ಒಂದು ಸಣ್ಣ ನಡುಕ ಕೊಳ್ಳಾಗ ಬಂದು ಹೋಗ್ತೈತಿ. ಅದನ್ನ ಓದೇನಿ. ಕ್ರಿಯಾಪದ ಸೈತ ಅದರಾಗ ಇರ್ತೈತ್ರಿ."

"ಇಷ್ಟು ದಿನ ನಮಗ್ಯಾರಿಗೂ ಹೊಳೀಲಿಲ್ಲ ನೋಡು" ಎಂದು ಸರ್ ನಕ್ಕರು. ನಮಗ್ಯಾರಿಗೂ ಎಂದಾಗ ಅವರ ಕಣ್ಣು ಒಂದು ಗಳಿಗೆ ಶಾಲ್ಮಲಾಳ ಮೇಲೆ ಬಂದು ಹೋಯಿತು. ಅದರಲ್ಲಿ ಏನೂ ಇರಲಿಲ್ಲವೇನೋ. ಶಾಲ್ಮಲಾ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಅಂಗೈ ಉರಿಯುವಷ್ಟು ಜೋರಾಗಿ ತಟ್ಟಿದಳು.

ಅಂದಿನಿಂದ ಅವಳಿಗೆ ಮೊದಲು ಕಾಣದ್ದೆಲ್ಲ ಕಾಣತೊಡಗಿತು. ಸರ್ "ನಮ್ಮ ತಬಸ್ಸುಮ್" ಎನ್ನುತ್ತಿದ್ದರು. ಆ "ನಮ್ಮ" ಹೋದ ವರ್ಷ ತನ್ನ ಹೆಸರಿನ ಹಿಂದೆ ಇರುತ್ತಿತ್ತು. ಬೆಂಗಳೂರಿನಿಂದ ಯಾರೋ ಲ್ಯಾಬು ನೋಡಲು ಬಂದಾಗ ಸರ್ ಹೊಸ ಹುಡುಗಿಯನ್ನು ಪರಿಚಯಿಸುವ ಭರದಲ್ಲಿ ಇವಳನ್ನು ಮರೆತರು. ತಬಸ್ಸುಮಳ ಬದಲಾವಣೆಗೆ ಫಿನ್‌ಲೆಂಡಿನವರು, ಬ್ರೆಜಿಲಿನವರು ಸಾಲುಸಾಲಾಗಿ ಹೃದಯದ ಚಿಹ್ನೆ ಒತ್ತಿದ್ದರು. ಶಾಲ್ಮಲಾ ತನ್ನ ಎರಡು ವರ್ಷದ ಕೆಲಸವನ್ನು ತೆರೆದು ನೋಡಿದಳು. ಅಲ್ಲಿ ಒಂದೇ ಒಂದು ಹೆಬ್ಬೆರಳಿನ ಚಿಹ್ನೆಯಿತ್ತು. ಅದೂ ಇಟಗಿ ಸರ್ ಒತ್ತಿದ್ದು. ಎಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಆ ಹುಡುಗಿಯ ಮುಖ. ಅದರಲ್ಲಿ ಒಂದಿಷ್ಟೂ ಜಂಬವಿರಲಿಲ್ಲ. ಬೀಗಿದ್ದರೆ ದ್ವೇಷಿಸಲು ಸುಲಭವಾಗುತ್ತಿತ್ತು.

ಬದಲಾವಣೆಯನ್ನು ಓದಿ ಸೇರಿಸುವ ಕೆಲಸ ಶಾಲ್ಮಲಾಳದು. ಅವಳು ತಪ್ಪು ಹುಡುಕಲೆಂದೇ ಓದಿದಳು, ಸಿಗಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಲ್ಯಾಬಿನಲ್ಲಿ ಯಾರೂ ಇಲ್ಲದಾಗ, ಹೊಸ ಕೋಡ್ ಹಾಕಿದ ಪಟ್ಟಿಯನ್ನು ತನ್ನ ಕೊರಳಿಗೇ ಕಟ್ಟಿಕೊಂಡಳು. ಸ್ಪೀಕರಿನಲ್ಲಿ ಇದ್ದದ್ದು ಲ್ಯಾಬಿನ ಮಾದರಿ ದನಿ, ಅಂದರೆ ಅವಳ ಅಪ್ಪನ ದನಿ. ಒಂದು ಪುಟ ಓದಿದಳು. ತಪ್ಪಿಲ್ಲದೆ ಜೊತೆಜೊತೆಗೇ ಆಡಿತು. ಪಟ್ಟಿ ಬಿಚ್ಚುವ ಮೊದಲು ಸುಮ್ಮನೆ ಪರದೆ ನೋಡಿದಳು. ಫಿನ್‌ಲೆಂಡಿನವರು ಮತ್ತೊಂದು ಸಂದೇಶ ಕಳಿಸಿದ್ದರು: ಈ ವಿದ್ಯಾರ್ಥಿನಿಯಿಂದ ನಾವೆಲ್ಲ ಕಲಿಯಬೇಕು.

"ಹಾಳಾಗಿ ಹೋಗ್ಲಿ" ಎಂದಿತು ಅಪ್ಪನ ದನಿ.

ಶಾಲ್ಮಲಾ ಬೆಚ್ಚಿ ತುಟಿ ಮುಟ್ಟಿಕೊಂಡಳು. ಮುಚ್ಚಿತ್ತು. ಅವಳು ಬಾಯಿ ತೆರೆದೇ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳಿಗೆ ಹೊಳೆಯಿತು. ಆಡಬೇಕೆಂದ ಮಾತಿಗೂ, ಆಡದೆ ನುಂಗಿದ ಮಾತಿಗೂ ಕೊರಳಿನ ನಡುಕ ಒಂದೇ. ತುಟಿಗೆ ಕಾಯುವ ಹಳೆಯ ಕೋಡಿಗೆ ನುಂಗಿದ್ದು ಕಾಣುತ್ತಿರಲಿಲ್ಲ. ತುಟಿಗಿಂತ ಮೊದಲೇ ಓದುವ ಹೊಸ ಕೋಡಿಗೆ ಎರಡರ ಭೇದ ತಿಳಿಯುವುದಿಲ್ಲ. ಪರೀಕ್ಷೆಗಳಲ್ಲಿ ಇದು ಸಿಗದೆ ಹೋದದ್ದೂ ಸಹಜ. ಪುಸ್ತಕ ಓದುವಾಗ ಯಾರು ಏನನ್ನು ನುಂಗುತ್ತಾರೆ?

ಅವಳು ಆಕ್ಷೇಪ ಬರೆದಳು: ಹೇಳಬಾರದೆಂದು ತಡೆದ ಮಾತನ್ನೂ ಇದು ಆಡಿಬಿಡಬಹುದು, ಸೇರಿಸುವುದು ಬೇಡ.

ಮರುದಿನ ಸರ್ ಇಬ್ಬರನ್ನೂ ಕೂಡಿಸಿಕೊಂಡರು. "ಉದಾಹರಣೆ ಕೊಡು, ಹೊಂಬಳ. ಯಾವಾಗ ಬಂತು, ಯಾ ಮಾತು ಬಂತು?"

ಶಾಲ್ಮಲಾ ಅವರ ಕಣ್ಣು ತಪ್ಪಿಸಿದಳು. "ಬರಬಹುದು ಅಂತ... ಅನಸ್ತೈತ್ರಿ ಸರ."

"ಅಕ್ಕಾರ, ನಾ ನಾಕ್ನೂರು ವಾಕ್ಯ ಓಡಿಸಿ ನೋಡೇನ್ರಿ" ಎಂದಳು ತಬಸ್ಸುಮ್, ತಪ್ಪು ತನ್ನದೇ ಎಂಬಂತೆ ಮೆಲ್ಲಗೆ. "ಒಂದೂ ಹಂಗ ಬಂದಿಲ್ಲ. ನಿಮಗ ಬಂದಿದ್ರ ಹೇಳ್ರಿ, ಹುಡುಕ್ತೇನಿ."

"ಅನಸೂದರ ಮ್ಯಾಲ ಕೋಡ್ ನಿಲ್ಲಸಾಕ ಬರೂದಿಲ್ಲ" ಎಂದರು ಸರ್. ತಬಸ್ಸುಮ್ ಹೊರಗೆ ಹೋದ ಮೇಲೆ ದನಿ ತಗ್ಗಿಸಿ ಮುಂದುವರಿಸಿದರು: "ನೋಡವಾ, ಹಿಂದ ಬಂದಾಕಿ ಮುಂದ ಹೋದ್ರ ಸಂಕಟ ಆಗ್ತೈತಿ. ನನಗೂ ಆಗೇತಿ. ಆದ್ರ ಮಂದಿ ಮಾತಿಗೆ ಕಾಯಾಕ ಹತ್ಯಾರ. ನಿಮ್ಮಪ್ಪನೂ ಕಾಯಾಕ ಹತ್ಯಾರ. ವಿಚಾರ ಮಾಡು."

ಉದಾಹರಣೆ ಅವಳ ಬಳಿ ಇತ್ತು. ಆದರೆ ಅದನ್ನು ಕೊಡಬೇಕಾದರೆ ತನ್ನ ಹೊಟ್ಟೆಯೊಳಗಿನ ಕಿಚ್ಚನ್ನು ತಟ್ಟೆಯಲ್ಲಿಟ್ಟು ಕೊಡಬೇಕು. ಅವಳು ತನ್ನ ಕುರ್ಚಿಗೆ ಹೋಗಿ ಕೂತಳು. ಕಿಟಕಿಯಾಚೆ ಮೈದಾನದಲ್ಲಿ ತಬಸ್ಸುಮಳನ್ನು ಗೆಳತಿಯರು ಹೆಗಲ ಮೇಲೆ ಕೈಹಾಕಿ ಎಳೆದೊಯ್ಯುತ್ತಿದ್ದರು. ಸೇರಲಿ ಹಾಗಾದರೆ, ಎಂದುಕೊಂಡಳು ಶಾಲ್ಮಲಾ. ಎಲ್ಲರ ಎದುರು ಬೀಳಲಿ. ಬಿದ್ದಾಗ ನಾನು ಮೊದಲೇ ಹೇಳಿದ್ದೆ ಎನ್ನಬಹುದು. ಆಕ್ಷೇಪವನ್ನು ಹಿಂದಕ್ಕೆ ತೆಗೆದುಕೊಂಡು, ಸೇರಿಸುವ ಗುಂಡಿ ಒತ್ತಿದಳು. ಅದೇ ಸಂಜೆ ಹೊಸ ಕೋಡ್ ಕನ್ನಡದ ಎಲ್ಲ ಪಟ್ಟಿಗಳಿಗೂ ಹೋಯಿತು. ಅಪ್ಪನ ಪಟ್ಟಿಗೆ ಅವಳೇ ಹಾಕಿದಳು.

ಅವಳೆಣಿಸಿದಂತೆ ಏನೂ ಆಗಲಿಲ್ಲ. ಆದದ್ದು ಬೇರೆ.

"ಚಾ ಯಾಕೋ ಸಪ್ಪಗೈತಿ" ಎಂದು ಕಳಕಪ್ಪ ಬಾಯಿ ಮುಚ್ಚುವುದರೊಳಗೆ ವಿರೂಪಾಕ್ಷಪ್ಪನವರ ದನಿ ಸಕ್ಕರೆಯ ಬಸ್ಸು ತಡ ಎಂದು ಘೋಷಿಸಿತು. ಕಳಕಪ್ಪನ ಬಾಯಿಂದ ಚಹಾ ಅಂಗಿಯ ಮೇಲೆ ಚೆಲ್ಲಿತು. ನಕ್ಕ, ಕೆಮ್ಮಿದ, ಮತ್ತೆ ನಕ್ಕ. ಗಿರಿಜವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ನಗುವಿನಿಂದಲೋ ಅಳುವಿನಿಂದಲೋ ತಿಳಿಯಲಿಲ್ಲ. ವಾರದೊಳಗೆ ಮನೆಯ ಕಟ್ಟೆ ತುಂಬತೊಡಗಿತು. ನಿಲ್ದಾಣದ ಹಳೆಯ ಗೆಳೆಯರು, ಓಣಿಯ ಹುಡುಗರು. ವಿರೂಪಾಕ್ಷಪ್ಪ ತರಕಾರಿಯವಳ ತಳ್ಳುಗಾಡಿಯನ್ನು ಲಕ್ಷ್ಮೇಶ್ವರದ ಎಕ್ಸ್‌ಪ್ರೆಸ್ ಎಂದು ಬರಮಾಡಿಕೊಂಡರು. ಗಿರಿಜವ್ವನ ಜೊತೆ ಜಗಳವಾಡಿದರು. ಎಷ್ಟೋ ಕಾಲದ ಮೇಲೆ ಸರಿಸಮನಾಗಿ ಜಗಳ.

"ಯಾರವಾ ಈ ಪುಣ್ಯ ಕಟ್ಟಿಕೊಂಡಾಕಿ? ಒಮ್ಮೆ ಕರಕೊಂಡ ಬಾ" ಎಂದರು ಅವರು.

ತಬಸ್ಸುಮ್ ಬಂದಳು. ಒಮ್ಮೆಯಲ್ಲ, ಪಟ್ಟಿಯನ್ನು ಹದಗೊಳಿಸುವ ನೆಪದಲ್ಲಿ ಮತ್ತೆ ಮತ್ತೆ ಬಂದಳು. ವಿರೂಪಾಕ್ಷಪ್ಪ ಮತ್ತು ಅವಳು ಪಡಸಾಲೆಯಲ್ಲಿ ಕೂತು, ಒಬ್ಬರ ಮಾತನ್ನು ಇನ್ನೊಬ್ಬರು ಕಸಿದುಕೊಂಡು ಹರಟುತ್ತಿದ್ದರು. ಒಳಗೆ ಉಳ್ಳಾಗಡ್ಡಿ ಹೆಚ್ಚುತ್ತ ಶಾಲ್ಮಲಾ ಆ ನಗು ಕೇಳಿಸಿಕೊಳ್ಳುತ್ತಿದ್ದಳು. ಲ್ಯಾಬು ಹೋಯಿತು, ಈಗ ಮನೆಯೂ. ಅಪ್ಪ ಮಾತಾಡುತ್ತಿದ್ದಾರೆ ಎಂಬ ಸಂತೋಷ ಅವಳಲ್ಲಿ ಇರಲಿಲ್ಲವೆಂದಲ್ಲ. ಇತ್ತು. ಆದರೆ ಅದು ಬಾಯಿಗೆ ಬರುವ ಹೊತ್ತಿಗೆ ಕಹಿಯಾಗಿರುತ್ತಿತ್ತು. ತಾನು ಕಂಡ ದೋಷ ಎಲ್ಲಿ ಹೋಯಿತು? ಒಮ್ಮೆ ತಪ್ಪಿ ಬಂದದ್ದನ್ನೇ ಹಿಡಿದುಕೊಂಡೆನೇ? ಹೊಟ್ಟೆಕಿಚ್ಚಿಗೆ ಕಿವಿಯೂ ಇರುತ್ತದೆಯೇ?

ಅದೊಂದು ಭಾನುವಾರ. ಗಿರಿಜವ್ವ ಚುರುಮುರಿಯ ಗಿರಮಿಟ್ ಕಲಸಿ, ಮೆಣಸಿನಕಾಯಿ ಬಜ್ಜಿ ಕರಿದಿದ್ದಳು. ತಬಸ್ಸುಮ್, ಕಳಕಪ್ಪ, ಎಲ್ಲರೂ ಪಡಸಾಲೆಯಲ್ಲಿದ್ದರು. ಶಾಲ್ಮಲಾ ತಟ್ಟೆ ತಂದು ಅಪ್ಪನ ಕೈಗೆ ಕೊಡುತ್ತ, ಸಹಜವಾಗಿರಲೆಂದೇ ನಕ್ಕು, "ಏನಪಾ, ಹೊಸಾದು ಭಾಳ ಛಲೋ ಐತಲ್ಲ?" ಎಂದಳು.

ವಿರೂಪಾಕ್ಷಪ್ಪ ಬಾಯಿ ತುಂಬ ಗಿರಮಿಟ್ ಇಟ್ಟುಕೊಂಡು, ಹೌದೆಂದು ತಲೆಯಾಡಿಸಿದರು.

ಜೇಬು ಮಾತಾಡಿತು. "ಈ ಹುಡುಗಿ ನನ್ನ ಮಗಳಾಗಿದ್ದರ ಎರಡು ವರ್ಷ ಮೂಗನಂಗ ಕುಂದರ್ತಿದ್ದಿಲ್ಲ."

ಬಜ್ಜಿ ಮುರಿಯುತ್ತಿದ್ದ ಕಳಕಪ್ಪನ ಕೈ ಹಾಗೇ ನಿಂತಿತು. ವಿರೂಪಾಕ್ಷಪ್ಪ ಎರಡೂ ಕೈಯಿಂದ ಕೊರಳ ಪಟ್ಟಿಯನ್ನು ಕಿತ್ತರು. ಅಂಟಿದ ಜಾಗದಲ್ಲಿ ಚರ್ಮ ಕೆಂಪಾಯಿತು.

"ಅದು... ತಪ್ಪು ಊಹೆ ಮಾಡಿರಬೇಕ್ರಿ ಅಕ್ಕಾರ" ಎಂದು ತಬಸ್ಸುಮ್ ತೊದಲಿದಳು. "ಅವರು ಬಾಯಿ ತಗದೇ ಇಲ್ಲ."

"ಹೌದು, ತಗದೇ ಇಲ್ಲ" ಎಂದಳು ಶಾಲ್ಮಲಾ.

ಆ ಕ್ಷಣದಲ್ಲಿ ತನ್ನೊಳಗೆ ಏನಾಯಿತೆಂಬುದು ಅವಳಿಗೆ ಬಹಳ ದಿನ ಹೇಸಿಗೆಯಾಗಿ ಉಳಿಯಿತು. ಎದೆಗೆ ಗುದ್ದಿದಂತಾದದ್ದು ನಿಜ. ಆದರೆ ಅದಕ್ಕಿಂತ ಮೊದಲು, ಒಂದು ಕೂದಲೆಳೆಯಷ್ಟು ಮೊದಲು, ಅವಳಿಗೆ ಸಂತೋಷವಾಗಿತ್ತು. ನಾನು ಹೇಳಿದ್ದು ಸರಿ.

ಎಲ್ಲರೂ ಹೋದ ಮೇಲೆ ಅಪ್ಪ ಅವಳನ್ನು ಎದುರು ಕೂಡಿಸಿಕೊಂಡರು. ಪಟ್ಟಿ ಇಲ್ಲದೆಯೂ ಅವಳು ಅವರ ತುಟಿ ಓದಬಲ್ಲಳು.

ಅದು ನಾ ಹೇಳಿದ್ದಲ್ಲವಾ, ಎಂದಿತು ತುಟಿ.

"ಮನಸಿನ್ಯಾಗ ಅಂದ್ಕೊಂಡಿದ್ದಿ."

ಅಂದ್ಕೊಂಡಿದ್ದೆ. ಅವರು ಅಲ್ಲಗಳೆಯಲಿಲ್ಲ. ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಆಡಿದರು. ಒಂದು ಮಾತು ಹೇಳೂ ಮುಂಚೆ ಹತ್ತು ಬಂದು ಹೋಗ್ತಾವ. ಸಿಟ್ಟಿನವು, ಹೊಲಸು, ಹುಚ್ಚು. ಮೈಕಿನ ಮುಂದ ಕುಂತು ಮಂದಿಗೆ ಏನೇನು ಬೈದೇನಿ ಗೊತ್ತೇನು ನಿನಗ? ಆದ್ರ ಮೈಕಿಗೊಂದು ಗುಂಡಿ ಇತ್ತು. ನಾ ಒತ್ತಿದ್ರ ಮಾತ್ರ ಊರಿಗೆ ಕೇಳ್ತಿತ್ತು. ಒತ್ತಿದ್ದಷ್ಟ ನನ್ನ ಮಾತು.

ಅವರು ಅವಳ ಕೈ ಹಿಡಿದರು. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಆ ವಾಕ್ಯ ಅವರದೇ ದನಿಯಲ್ಲಿ ಕಿವಿಯಲ್ಲಿ ಉಳಿದಿತ್ತು.

ಸೋಮವಾರ ಅವಳು ನೇರ ಇಟಗಿ ಸರ್ ಎದುರು ಹೋಗಿ ನಿಂತಳು. ತಬಸ್ಸುಮ್ ಅಲ್ಲಿಯೇ ಇದ್ದಳು, ಕಣ್ಣು ಊದಿದ್ದವು. ಇನ್ನೂ ನಾಲ್ಕಾರು ಹುಡುಗರಿದ್ದರು.

"ಸರ, ಈ ಪಟ್ಟಿ ಕಟ್ಟಿಕೊಳ್ರಿ. ಬಾಯಿ ಮುಚ್ಚಿಕೊಂಡು ಕುಂದರ್ರಿ, ಅಷ್ಟ."

"ಮತ್ತ ಶುರು ಮಾಡಿದಿ?" ಎನ್ನುತ್ತಲೇ ಸರ್ ಕಟ್ಟಿಕೊಂಡರು.

"ಸರ, ನೀವು ನನ್ನ ಆಕ್ಷೇಪ ಪೂರಾ ಓದೇ ಇಲ್ಲ. ತಬಸ್ಸುಮ್‌ನ ಕೋಡ್ ಅಂದ್ರ ಕಣ್ಣು ಮುಚ್ಚಿ ಒಪ್ತೀರಿ. ಎರಡು ವರ್ಷ ನಾ ಇಲ್ಲಿ ಕಸ ಹೊಡದೇನೇನು?"

ಸರ್ ತುಟಿ ಬಿಗಿದುಕೊಂಡು, ತಾಳ್ಮೆಯಿಂದ ಅವಳನ್ನೇ ನೋಡುತ್ತಿದ್ದರು. ಮೇಜಿನ ಮೇಲಿನ ಸ್ಪೀಕರು ಸಾವಕಾಶ ಹೇಳಿತು: "ಹೊಟ್ಟೆಕಿಚ್ಚಿನ ಹುಡುಗಿ. ಸಾಕಾಗೇತಿ ಇಕಿ ಕಾಟ."

ಸರ್ ಕೈ ಕೊರಳಿಗೆ ಹೋಯಿತು. ತನ್ನ ಮಾತು ಸರಿಯೆಂದು ಎಲ್ಲರ ಎದುರು ಸಾಬೀತಾಗುವ ದಿನವನ್ನು ಶಾಲ್ಮಲಾ ಎಷ್ಟು ಸಲ ಕನಸು ಕಂಡಿದ್ದಳೋ. ಅದು ಈ ಮಾತಿನಿಂದ ಆಗುತ್ತದೆ ಎಂದು ಎಣಿಸಿರಲಿಲ್ಲ.

"ಇದ ಉದಾಹರಣೆ ಸರ" ಎಂದಳು.

"ಹೊಂಬಳ... ನಾ..." ಎಂದರು ಸರ್. ಆಮೇಲೆ ಪಟ್ಟಿ ಬಿಚ್ಚಿಟ್ಟು, "ಹಿಂದ ತಗೀರಿ, ಈಗಿಂದೀಗ" ಎಂದರು.

ಹಿಂದಕ್ಕೆ ತೆಗೆದ ಕಾರಣವನ್ನು ಪಟ್ಟಿ ಬಳಸುವವರಿಗೆಲ್ಲ ತಿಳಿಸಿದ ಮೇಲೆ ಉತ್ತರಗಳು ಬರತೊಡಗಿದವು. ಕೊಪ್ಪಳದ ಹೆಂಗಸೊಬ್ಬಳು, ನಾದಿನಿಯ ಮದುವೆಯ ಮಾತುಕತೆಯಲ್ಲಿ ತನ್ನ ಪಟ್ಟಿ ಏನೋ ಆಡಿತೆಂದೂ, ಅಂದಿನಿಂದ ಮನೆಯಲ್ಲಿ ತನ್ನ ಜೊತೆ ಯಾರೂ ಮಾತಾಡುತ್ತಿಲ್ಲವೆಂದೂ ಬರೆದಿದ್ದಳು. ಏನು ಆಡಿತೆಂದು ಬರೆದಿರಲಿಲ್ಲ. ಸಿಂಧನೂರಿನ ಅಂಗಡಿಕಾರನೊಬ್ಬ ಬೇರೆಯೇ ಬರೆದಿದ್ದ: "ಒಳಗಿಂದು ಹೊರಗ ಬಂದ್ರ ಬರ್ಲಿ ಬಿಡ್ರಿ. ಮತ್ತ ನನ್ನ ಮಾತು ಹಿಂದಿನಂಗ ತಡ ಮಾಡಬ್ಯಾಡ್ರಿ. ಗಿರಾಕಿ ನಿಲ್ಲೂದಿಲ್ಲ." ಶಾಲ್ಮಲಾ ಎರಡನ್ನೂ ಓದಿದಳು. ಕೊಪ್ಪಳದ ಆ ಮನೆಯಲ್ಲಿ ಮಾತು ನಿಂತದ್ದರಲ್ಲಿ, ಸೇರಿಸುವ ಗುಂಡಿ ಒತ್ತಿದ ತನ್ನ ಬೆರಳಿನ ಪಾಲಿತ್ತು. ಅಪ್ಪ ಮಾತ್ರ ಹಳೆಯದೂ ಬೇಡ, ಹೊಸದೂ ಬೇಡ ಎಂದು ಪಟ್ಟಿಯನ್ನೇ ಮೊಳೆಗೆ ತೂಗುಹಾಕಿದರು. ಕಟ್ಟೆ ಮತ್ತೆ ಖಾಲಿಯಾಯಿತು.

ತಬಸ್ಸುಮ್ ಲ್ಯಾಬಿಗೆ ಬರುವುದನ್ನು ನಿಲ್ಲಿಸಿದಳು. ಶಾಲ್ಮಲಾ ಎರಡು ಸಲ ಮೈದಾನದವರೆಗೆ ಹೋಗಿ ಹಿಂತಿರುಗಿದಳು. ಮೂರನೆಯ ಸಲ ಗೆರೆಯ ಅಂಚಿಗೆ ಹೋಗಿ ನಿಂತಳು. ತಬಸ್ಸುಮ್ ಆಟ ಬಿಟ್ಟು ಹತ್ತಿರ ಬಂದಳು.

"ಒಂದ್ ಕೇಳ್ಲ್ಯಾ ಅಕ್ಕಾರ? ನೀವು ಮೊದಲ ಬೇಡ ಅಂತ ಬರದಿದ್ರಿ. ನಾ ಓದಿದ್ದೆ. ಆಮೇಲೆ ಯಾಕ ಸೇರಿಸಿದ್ರಿ?"

ಸುಳ್ಳುಗಳು ಸಿದ್ಧವಾಗಿದ್ದವು. ಸರ್ ಹೇಳಿದರು, ಉದಾಹರಣೆ ಸಿಗಲಿಲ್ಲ. ಶಾಲ್ಮಲಾ ಅವನ್ನು ನುಂಗಿದಳು. "ನೀ ಬೀಳೂದು ನೋಡಬೇಕಾಗಿತ್ತು ನನಗ."

ತಬಸ್ಸುಮ್ ಒಂದು ಹೆಜ್ಜೆ ಹಿಂದೆ ಸರಿದಳು. "ನನಗೇನು ಮಾಡಿದ್ರೂ ನಡೀತಿತ್ರಿ. ನಿಮ್ಮ ಅಪ್ಪಾರ ಕೊಳ್ಳಾಗ ಕಟ್ಟಿದ್ರೆಲ್ಲ" ಎಂದವಳು ತಿರುಗಿ ಆಟಕ್ಕೆ ಓಡಿದಳು.

ಶಾಲ್ಮಲಾ ಹೋಗಲಿಲ್ಲ. ಬಿಸಿಲಲ್ಲಿ ಆಟ ಮುಗಿಯುವ ತನಕ ನಿಂತಳು. ತಬಸ್ಸುಮ್ ಏದುಸಿರು ಬಿಡುತ್ತ ಮತ್ತೆ ಬಂದು, ಇನ್ನೂ ಇಲ್ಲೇ ಇದ್ದೀರಾ ಎಂಬಂತೆ ನೋಡಿದಳು.

"ನಮ್ಮ ಅಪ್ಪ ಒಂದ್ ಮಾತು ಹೇಳ್ಯಾರ" ಎಂದು ಶಾಲ್ಮಲಾ ಅವಸರದಿಂದ ಹೇಳಿದಳು. "ಮೈಕಿಗೊಂದು ಗುಂಡಿ ಇರ್ತಿತ್ತಂತ. ಒತ್ತಿದ್ರ ಮಾತ್ರ ಹೊರಗ ಕೇಳೂದು. ನಿನ್ನ ಕೋಡ್ ಸರಿ ಐತಿ ತಬಸ್ಸುಮ್. ಆದ್ರ ಅದಕ್ಕ ಗುಂಡಿ ಇಲ್ಲ. ಮನುಷ್ಯಾನ ಮೈಯಾಗ ಆ ಗುಂಡಿ ಎಲ್ಲೈತಿ ಅಂತ ನನಗ ತಿಳೀವಲ್ದು. ನಿನಗ ತಿಳೀತೈತಿ."

ತಬಸ್ಸುಮ್ ಬಾಯಿ ತೆರೆದಳು, ಏದುಸಿರಿಗೆ ಮಾತು ಬರಲಿಲ್ಲ. ಕೈ ಎತ್ತಿದಳು. "ತಡೀರಿ... ಉಸಿರು ತಗೋತೇನಿ." ಬಗ್ಗಿ ಮೊಣಕಾಲು ಹಿಡಿದುಕೊಂಡಳು. ಹಾಗೆ ಬಗ್ಗಿದವಳು ಹಾಗೆಯೇ ನಿಂತಳು. ನಂತರ ತಲೆಯೆತ್ತಿದಾಗ ಕಣ್ಣು ಹೊಳೆಯುತ್ತಿದ್ದವು.

"ಅಕ್ಕಾರ. ಮನಸಿನ್ಯಾಗ ಬೈಯಾಕ ಉಸಿರು ಬೇಕಾಗೂದಿಲ್ಲ. ಮಾತಾಡಾಕ ಬೇಕಾಗ್ತೈತಿ."

ಮತ್ತೆ ಇವಳಿಗೇ ಹೊಳೆಯಿತು, ಎಂದಿತು ಶಾಲ್ಮಲಾಳ ಮನಸ್ಸು. ಎಷ್ಟು ಬೇಗ, ಎಷ್ಟು ಸಲೀಸಾಗಿ. "ಆದ್ರ ಅಪ್ಪ ಮಾತಾಡೂದು ಉಸಿರಿನಿಂದಲ್ಲ. ಅವರ ಉಸಿರು ತೂತಿನಿಂದ ಹೋಗ್ತೈತಿ" ಎಂದಳು.

"ಎದಿಗೆ ಅದು ಗೊತ್ತಿಲ್ಲಲ್ರಿ. ಅದು ಹಳೇ ರೂಢಿ ಬಿಟ್ಟಿರೂದಿಲ್ಲ."

ಅಂದು ಸಂಜೆಯೇ ಇಬ್ಬರೂ ಮನೆಗೆ ಹೋಗಿ ವಿರೂಪಾಕ್ಷಪ್ಪನವರ ಎದೆಗೊಂದು ತೆಳ್ಳನೆಯ ಸಂವೇದಕ ಅಂಟಿಸಿ ನೋಡಿದರು. ಹುಡುಗಿ ಹೇಳಿದ್ದು ನಿಜವಾಗಿತ್ತು. ಮಾತಾಡಬೇಕೆಂದಾಗ, ದನಿಯೇ ಇಲ್ಲದ ಆ ಕೊರಳಿಗಾಗಿ ಎದೆ ಇನ್ನೂ ಸಣ್ಣಗೆ ಉಸಿರು ತುಂಬಿಕೊಳ್ಳುತ್ತಿತ್ತು. ಸುಮ್ಮನೆ ಅಂದುಕೊಂಡಾಗ ತುಂಬುತ್ತಿರಲಿಲ್ಲ.

ಆಮೇಲಿನದು ಬೇಸರದ ಕೆಲಸ. ಮೆಟ್ಟಿಲು ಹತ್ತುವಾಗಿನ ಉಸಿರು, ನಿಟ್ಟುಸಿರು, ಆಕಳಿಕೆ, ಬಿಕ್ಕಳಿಕೆ, ಎಲ್ಲವನ್ನೂ ಮಾತಿನ ಉಸಿರಿನಿಂದ ಬೇರ್ಪಡಿಸಬೇಕಿತ್ತು. ಅಂಥ ಎಳೆ ಬಿಡಿಸುವ ತಾಳ್ಮೆ ತಬಸ್ಸುಮಳಿಗಿರಲಿಲ್ಲ, ಶಾಲ್ಮಲಾಳಿಗಿತ್ತು. ಈ ಸಲ ಪುಸ್ತಕ ಓದಿಸಲಿಲ್ಲ. ಕೊಪ್ಪಳದ ಆ ಹೆಂಗಸನ್ನೂ ಸಿಂಧನೂರಿನ ಅಂಗಡಿಕಾರನನ್ನೂ ಕೇಳಿಕೊಂಡು, ಸಿಟ್ಟು ಬರಿಸಿ, ನಗಿಸಿ, ಸುಮ್ಮನಿರಿಸಿ ಪರೀಕ್ಷಿಸಿದರು. ಇಟಗಿ ಸರ್ ದಿನಾ ಬಂದು ಪಟ್ಟಿ ಕಟ್ಟಿಕೊಂಡು ಬೈಸಿಕೊಳ್ಳಲು ಕೂಡುತ್ತಿದ್ದರು. ಮೊದಲ ದಿನ ಅವರು ಶಾಲ್ಮಲಾಳಿಗೆ, "ಅವತ್ತಿಂದು ನನ್ನ ಮನಸಿನ್ಯಾಗ ಬಂದಿದ್ದು ಖರೆ. ಬರಬಾರದಿತ್ತು. ನೀ ಕಂಡಿದ್ದನ್ನ ನಾ ಕಾಣಲಿಲ್ಲ" ಎಂದರು. ಶಾಲ್ಮಲಾ, "ನನಗ ಬಂದಿದ್ದನ್ನ ನೀವು ಕೇಳಿಲ್ಲ ಬಿಡ್ರಿ ಸರ" ಎಂದಳು.

ಬದಲಾವಣೆ ಸಿದ್ಧವಾದಾಗ ಅದರ ಮೇಲೆ ಇಬ್ಬರ ಹೆಸರೂ ಇತ್ತು. ಫಿನ್‌ಲೆಂಡಿನವರು ಉ‌ಸಿರಿನ ಯೋಚನೆ ಯಾರದೆಂದು ಕೇಳಿದರು. ಶಾಲ್ಮಲಾಳ ಬೆರಳು ಒಂದು ಗಳಿಗೆ ತಡೆಯಿತು. ನಂತರ ಅವಳು ತಬಸ್ಸುಮ್ ಎಂದು ಬರೆದು ಕಳಿಸಿದಳು. ಹೃದಯಗಳು ಮತ್ತೆ ಬಂದವು. ಅವಳು ಎಣಿಸದಿರಲು ಪ್ರಯತ್ನಿಸಿ, ಎಣಿಸಿದಳು.

ಹೊಸ ಪಟ್ಟಿ ಕಟ್ಟಿಕೊಂಡ ದಿನ ಕಟ್ಟೆಯ ಮೇಲೆ ಎಲ್ಲರೂ ಇದ್ದರು. ಮಾತಿಗೆ ಮೊದಲು ಈಗ ಒಂದು ಸಣ್ಣ ಎಡೆ ಇತ್ತು, ಎಲ್ಲ ಮನುಷ್ಯರಿಗೂ ಇರುವಷ್ಟು. ತಮಾಷೆ ಅದರಲ್ಲಿ ಸಾಯಲಿಲ್ಲ. ಕಳಕಪ್ಪ ನಕ್ಕು ನಕ್ಕು ಸುಸ್ತಾಗಿದ್ದ. ತಬಸ್ಸುಮ್ ತನ್ನ ತಂಡ ಗೆದ್ದ ಕಥೆಯನ್ನು ಕೈ ಕಾಲು ಆಡಿಸಿ ಹೇಳುತ್ತಿದ್ದಳು. ವಿರೂಪಾಕ್ಷಪ್ಪ ಅವಳನ್ನು ನೋಡಿದರು. ಆಮೇಲೆ ಬಾಗಿಲ ಬಳಿ ಕಪ್ಪುಗಳನ್ನು ಹಿಡಿದು ನಿಂತಿದ್ದ ಮಗಳನ್ನು ನೋಡಿದರು. ಅವರ ಕೊರಳಿನ ಸ್ನಾಯು ಸಣ್ಣಗೆ ಅಲುಗಿತು. ಶಾಲ್ಮಲಾ ಅದನ್ನು ಕಂಡಳು. ಇಷ್ಟು ದಿನದ ಕೆಲಸದಿಂದ ಆ ನಡುಕ ಅವಳಿಗೆ ಬರಿಗಣ್ಣಿಗೂ ಕಾಣುವಂತಾಗಿತ್ತು. ಅವಳು ಕಾದಳು. ಎದೆ ಏರಲಿಲ್ಲ. ಜೇಬು ಸುಮ್ಮನಿತ್ತು.

"ಏನು ಅನ್ನಾಕ ಹತ್ತಿದ್ದಿ ಅಪ್ಪಾ?" ಎಂದಳು, ತಡೆಯಲಾರದೆ.

ಎದೆ ಮೆಲ್ಲಗೆ ಏರಿತು.

"ಏನಿಲ್ಲವಾ" ಎಂದರು ವಿರೂಪಾಕ್ಷಪ್ಪ, ಸರಿಯಾದ ಹೊತ್ತಿಗೆ, ತಮ್ಮದೇ ದನಿಯಲ್ಲಿ.

ಅದು ಯಾರನ್ನು ಕುರಿತ ಮಾತಾಗಿತ್ತು, ಆ ಹುಡುಗಿಯನ್ನೋ ತನ್ನನ್ನೋ, ಶಾಲ್ಮಲಾಳಿಗೆ ಇನ್ನೆಂದೂ ತಿಳಿಯುವಂತಿರಲಿಲ್ಲ. ತಿಳಿಯದಂತೆ ಮಾಡಿದವಳು ಅವಳೇ. ಅವಳು ಕಪ್ಪುಗಳನ್ನು ಹಿಡಿದುಕೊಂಡು ಒಳಗೆ ಹೋಗಿ, ಎಲ್ಲರಿಗೂ ಇನ್ನೊಂದು ಸುತ್ತು ಚಹಾಕ್ಕೆ ನೀರಿಟ್ಟಳು.